ಗಾಳಿಯಿಂದ ಹಿಂಡಿದ ನೀರು

ಬಣ್ಣದ ಚಿತ್ರವೊಂದನ್ನು ಅಚ್ಚು ಹಾಕಲು ಕಾಗದ ಒಮ್ಮೆ ಯಂತ್ರದೊಳಗೆ ಹೋಗಿ ಬಂದರೆ ಸಾಲುತ್ತಿರಲಿಲ್ಲ. ಹಳದಿಗೆ ಒಂದು ಸಲ, ಕೆಂಪಿಗೆ ಒಂದು ಸಲ, ನೀಲಿಗೆ, ಕಪ್ಪಿಗೆ ಎಂದು ಅದೇ ಹಾಳೆ ನಾಲ್ಕು ಸಲ ಅಚ್ಚಿನ ಕೆಳಗೆ ಹಾಯಬೇಕಿತ್ತು. ಈ ನಡುವೆ ಹವೆಯಲ್ಲಿ ತೇವ ಏರಿದರೆ ಕಾಗದ ಅದನ್ನು ಹೀರಿಕೊಂಡು ಹಿಗ್ಗುತ್ತದೆ, ಹವೆ ಒಣಗಿದರೆ ಕುಗ್ಗುತ್ತದೆ. ಕಣ್ಣಳತೆಗೆ ಸಿಗದಷ್ಟು ಸಣ್ಣ ವ್ಯತ್ಯಾಸ ಅದು. ಆದರೆ ತುಟಿಗೆ ಬೀಳಬೇಕಾದ ಕೆಂಪು ಗಲ್ಲದ ಮೇಲೆ ಬಿದ್ದರೆ ಹಾಳೆಯೆಲ್ಲ ರದ್ದಿಗೆ. 1902ರ ಸುಮಾರಿಗೆ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯವನ್ನು ಕಾಡುತ್ತಿದ್ದುದು ಇದೇ. 'ಜಡ್ಜ್' ಎಂಬ ಜನಪ್ರಿಯ ಹಾಸ್ಯಪತ್ರಿಕೆ ಅಚ್ಚಾಗುತ್ತಿದ್ದುದು ಅಲ್ಲಿ. ಬೇಸಿಗೆಯ ಜಿಗುಟು ಹವೆ ಬಂತೆಂದರೆ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ದಶಕಗಳ ಕಾಲ ಕನ್ನಡನಾಡಿನ ಗೋಡೆಗಳಿಗೆ ಕ್ಯಾಲೆಂಡರ್ ಒದಗಿಸಿದ ಶಿವಕಾಶಿಯಲ್ಲಿ ಮುದ್ರಣದ ಕಸುಬು ಬೇರೂರುವುದಕ್ಕೆ ಅಲ್ಲಿನ ಒಣ ಹವೆಯೂ ಒಂದು ಕಾರಣ ಎನ್ನುತ್ತಾರೆ. ಬ್ರೂಕ್ಲಿನ್‌ಗೆ ಆ ಭಾಗ್ಯವಿರಲಿಲ್ಲ.

ಸಮಸ್ಯೆ ಬಫಲೋ ಫೋರ್ಜ್ ಕಂಪನಿಯ ಮೇಜಿಗೆ ಬಂತು. ಅಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದರ ಹುಡುಗ, ಕಾರ್ನೆಲ್ ವಿಶ್ವವಿದ್ಯಾಲಯದಿಂದ ಹೊರಬಿದ್ದು ಒಂದು ವರ್ಷವಾಗಿತ್ತಷ್ಟೆ. 1902ರ ಜುಲೈ 17ರ ತಾರೀಖು ಹೊತ್ತ ಅವನ ನಕ್ಷೆಗಳನ್ನು ಇಂದಿನ ಏರ್ ಕಂಡೀಷನರ್‌ನ ಜನ್ಮಪತ್ರಿಕೆ ಎಂದು ಒಪ್ಪಲಾಗಿದೆ. ಆ ನಕ್ಷೆಗಳ ಗುರಿ ಜನರಿಗೆ ತಂಪು ಕೊಡುವುದಾಗಿರಲಿಲ್ಲ. ಮುದ್ರಣಾಲಯದ ಹವೆಯ ಸಾಪೇಕ್ಷ ಆರ್ದ್ರತೆಯನ್ನು ವರ್ಷವಿಡೀ ಶೇ. 55ರಲ್ಲಿ ನಿಲ್ಲಿಸಬೇಕು, ಅಷ್ಟೆ. ತಣ್ಣೀರು ಹರಿಯುವ ಕೊಳವೆ ಸುರುಳಿಗಳ ಮೇಲೆ ಗಾಳಿ ಹಾಯಿಸಿದರು. ಮೊದಲು ಬಾವಿಯ ನೀರು, ಆಮೇಲೆ ಅಮೋನಿಯಾ ಕಂಪ್ರೆಸರ್. ಆ ವ್ಯವಸ್ಥೆಯ ತಂಪಿನ ಶಕ್ತಿ ದಿನಕ್ಕೆ 54 ಟನ್ ಮಂಜುಗಡ್ಡೆ ಕರಗಿದಷ್ಟು. ಇಂದು ಬೆಂಗಳೂರಿನ ಅಂಗಡಿಯಲ್ಲಿ 'ಒಂದೂವರೆ ಟನ್ ಎಸಿ' ಕೇಳುವವರು ಬಳಸುವುದು ಇದೇ ಮಾಪನ. ಒಂದು ಟನ್ ಎಂದರೆ 24 ಗಂಟೆಯಲ್ಲಿ ಒಂದು ಟನ್ ಮಂಜುಗಡ್ಡೆ ಕರಗಿ ಹೀರಿಕೊಳ್ಳುವಷ್ಟು ಶಾಖ. ಯಂತ್ರದ ತೂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ತಣ್ಣೀರು ತುಂಬಿದ ತಂಬಿಗೆ ಹೊರಮೈಯಲ್ಲಿ ಬೆವರುವುದು ಎಲ್ಲರೂ ಕಂಡದ್ದೇ, ಕ್ಯಾರಿಯರ್‌ನ ಸುರುಳಿಗಳಲ್ಲಿ ನಡೆಯುತ್ತಿದ್ದುದೂ ಅದೇ. ಗಾಳಿ ತಣ್ಣಗಾದಷ್ಟೂ ಅದು ಹೊತ್ತುಕೊಳ್ಳಬಲ್ಲ ನೀರಾವಿ ಕಡಿಮೆಯಾಗುತ್ತದೆ. ಒಂದು ಹಂತ ದಾಟಿದ ಮೇಲೆ ಹೆಚ್ಚಾದದ್ದು ಹನಿಯಾಗಿ ಉದುರುತ್ತದೆ. ಆ ಹಂತಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಮಂಜು ಮುಸುಕಿದ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ನಿಂತಿದ್ದಾಗ ಕ್ಯಾರಿಯರ್‌ಗೆ ಇದನ್ನು ಪಳಗಿಸುವ ದಾರಿ ಹೊಳೆಯಿತೆಂಬ ಕಥೆಯನ್ನು ಆ ಕಸುಬಿನವರು ಇಂದಿಗೂ ಹೇಳುತ್ತಾರೆ. ಗಾಳಿಯನ್ನು ಒಣಗಿಸಲು ನೀರಿನ ತುಂತುರಿನೊಳಗೇ ಹಾಯಿಸುವುದು ಆ ಉಪಾಯ. ತುಂತುರು ಸಾಕಷ್ಟು ತಣ್ಣಗಿದ್ದರೆ ಗಾಳಿ ತನ್ನ ನೀರನ್ನು ಅದಕ್ಕೇ ಒಪ್ಪಿಸುತ್ತದೆ. 'ಗಾಳಿಯನ್ನು ಸಂಸ್ಕರಿಸುವ ಉಪಕರಣ'ಕ್ಕೆ 1906ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. 'ಏರ್ ಕಂಡೀಷನಿಂಗ್' ಎಂಬ ಹೆಸರು ಮಾತ್ರ ಅವನದಲ್ಲ. ಉತ್ತರ ಕೆರೊಲಿನಾದ ಹತ್ತಿಗಿರಣಿಗಳಿಗೆ ಕೆಲಸ ಮಾಡುತ್ತಿದ್ದ ಸ್ಟುವರ್ಟ್ ಕ್ರಾಮರ್ 1906ರಲ್ಲಿ ಅದನ್ನು ಮೊದಲು ಬಳಸಿದ. ಅವನಿಗೆ ಬೇಕಿದ್ದುದೂ ತೇವದ ಹತೋಟಿಯೇ. ಒಣ ಹವೆಯಲ್ಲಿ ನೂಲು ತುಂಡಾಗುತ್ತಿತ್ತು.

ಗಾಳಿಯಿಂದ ಹಿಂಡಿದ ನೀರು ಎಲ್ಲಿಯೋ ಹೋಗಲೇಬೇಕು. ಕಾರ್ಖಾನೆಯಲ್ಲಿ ಅದನ್ನು ನೋಡಿಕೊಳ್ಳಲು ಸಂಬಳದ ಎಂಜಿನಿಯರ್ ಇದ್ದ. ತೊಂದರೆ ಶುರುವಾದದ್ದು ಆ ಯಂತ್ರ ನೋಡಿಕೊಳ್ಳುವವರಿಲ್ಲದ ಮನೆಗಳಿಗೆ ಬಂದಾಗ.

ಮನೆಗೆ ಬಂದದ್ದು ನಿಧಾನವಾಗಿ. ಮಿನಿಯಾಪೊಲಿಸ್‌ನ ಚಾರ್ಲ್ಸ್ ಗೇಟ್ಸ್ ಎಂಬ ಸಿರಿವಂತನ ಬಂಗಲೆಗೆ 1914ರಲ್ಲಿ ಕೂರಿಸಿದ ಯಂತ್ರ ಸುಮಾರು 20 ಅಡಿ ಉದ್ದವಿತ್ತು. ಮಾಲೀಕ ಹಿಂದಿನ ವರ್ಷವೇ ತೀರಿಕೊಂಡಿದ್ದ. 1920ರ ದಶಕದಲ್ಲಿ ಸಿನಿಮಾ ಮಂದಿರಗಳು ಜನರಿಗೆ ಕೃತಕ ತಂಪಿನ ರುಚಿ ಹತ್ತಿಸಿದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಿಟಕಿಯ ಎಸಿಗಳು ಅಗ್ಗವಾಗಿ ಲಕ್ಷಗಟ್ಟಲೆ ಮಾರಾಟವಾದವು. ಮನೆಯನ್ನೆಲ್ಲ ಬಿಸಿ ಮಾಡಲು ಅಮೆರಿಕದವರು ಮೊದಲೇ ಹಾಕಿಸಿಕೊಂಡಿದ್ದ ಫರ್ನೇಸ್ ಮತ್ತು ತಗಡಿನ ಡಕ್ಟ್‌ಗಳಿಗೇ ತಂಪಿನ ಸುರುಳಿಯನ್ನೂ ಜೋಡಿಸುವ ಪದ್ಧತಿ ಬಂತು. ಚಳಿಗಾಲದ ಬಿಸಿಗಾಳಿ, ಬೇಸಿಗೆಯ ತಣ್ಣನೆ ಗಾಳಿ ಎರಡಕ್ಕೂ ಒಂದೇ ದಾರಿ. ಖರ್ಚು ಉಳಿಯಿತು, ಆದರೆ ಒಣಗಿರಬೇಕಿದ್ದ ತಗಡಿನ ಓಣಿಗೆ ನೀರು ಪ್ರವೇಶ ಪಡೆಯಿತು.

ಈ ಯಂತ್ರದ ಒಡಲನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಬೀರುವಿನಂಥ ಒಂದು ತಗಡಿನ ಪೆಟ್ಟಿಗೆ. ಮುಂಬಾಗಿಲ ತಿರುಪು ಬಿಚ್ಚಿದರೆ ಗುಡಾರದಂತೆ ಒರಗಿಸಿದ ಎರಡು ಸುರುಳಿ ಹಲಗೆಗಳು, ಅವುಗಳ ಮೇಲೆ ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು ಒತ್ತೊತ್ತಾಗಿ. ನೀರು ಆ ರೆಕ್ಕೆಗಳ ಸಂದಿನಲ್ಲಿ ಇಳಿದು ಕೆಳಗಿನ ತಟ್ಟೆಗೆ ಬೀಳುತ್ತದೆ. ಸೆಕೆಯ ದಿನದಲ್ಲಿ ಒಂದು ಮನೆಯ ಯಂತ್ರ ಹತ್ತಾರು ಲೀಟರ್ ಇಳಿಸುತ್ತದೆ. ತಟ್ಟೆಯ ಮೂಲೆಯಿಂದ ಪಿವಿಸಿ ಕೊಳವೆ, ಅದರಲ್ಲಿ ಸಿಂಕ್‌ನ ಕೆಳಗಿರುವಂಥ ಬಾಗು, ಅಲ್ಲಿಂದ ಮನೆಯ ಹೊರಗೆ. ತಟ್ಟೆ ಅಡಿಗೆ ಇಂಚಿನ ಎಂಟನೇ ಒಂದು ಭಾಗದಷ್ಟಾದರೂ ಕೊಳವೆಯ ಕಡೆಗೆ ಓರೆಯಾಗಿರಬೇಕೆಂಬುದು ವಾತಾಯನದ ಅಮೆರಿಕನ್ ಮಾನದಂಡದ ಮಾತು. ಅಷ್ಟು ಓರೆ ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಫಿಲ್ಟರ್ ತಪ್ಪಿಸಿಕೊಂಡು ಬಂದ ಧೂಳು, ಚರ್ಮದ ಹೊಟ್ಟು, ನಾರಿನ ಚೂರು ಅದರಲ್ಲಿ ಕೂರುತ್ತವೆ. ಒಳಗೆ ಬೆಳಕಿಲ್ಲ, ತಿನ್ನಲು ಧೂಳಿದೆ, ಕುಡಿಯಲು ನೀರಿದೆ. ಬೂಷ್ಟಿಗೆ ಇನ್ನೇನು ಬೇಕು? ಸದ್ದು ತಗ್ಗಿಸಲೆಂದು ಡಕ್ಟ್‌ನ ಒಳಮೈಗೆ ಗಾಜಿನ ನಾರಿನ ಹೊದಿಕೆ ಅಂಟಿಸಿದ್ದರೆ ಇನ್ನೂ ಕಷ್ಟ. ಧೂಳು ಕೂತ ಆ ಹೊದಿಕೆ ಒಮ್ಮೆ ನೆನೆದರೆ ತೊಳೆದು ಉಳಿಸುವಂತಿಲ್ಲ, ಕಿತ್ತೆಸೆಯಬೇಕು.

ಬಿಸಿ ಮಾಡುವ ಯಂತ್ರದಲ್ಲೂ ನೀರುಂಟು. ಚಳಿಗಾಲದ ಒಣ ಹವೆಗೆ ತೇವ ಕೂಡಿಸಲು ಫರ್ನೇಸ್‌ಗೆ ತಗುಲಿಸುವ ಹ್ಯುಮಿಡಿಫೈಯರ್‌ನ ಒದ್ದೆ ಹಾಸು ಬೂಷ್ಟಿನ ತವರು. 1980ರ ದಶಕದಿಂದ ಹರಡಿದ ಹೆಚ್ಚು ದಕ್ಷತೆಯ ಗ್ಯಾಸ್ ಫರ್ನೇಸ್‌ಗಳಂತೂ ಹೊಗೆಯಲ್ಲಿರುವ ನೀರಾವಿಯನ್ನೇ ಹನಿಯಾಗಿಸಿ ಶಾಖ ಹಿಂಡುತ್ತವೆ. ಆ ಹುಳಿನೀರಿಗೂ ಒಂದು ಕೊಳವೆ, ಅದಕ್ಕೂ ಒಬ್ಬ ಕಾವಲುಗಾರ ಬೇಕು.

ಈ ತೇವ ಮನುಷ್ಯರ ಎದೆಗೆ ಇಳಿಯುತ್ತದೆಂದು ವೈದ್ಯರಿಗೆ ಗೊತ್ತಾಗಲು ಅರ್ಧ ಶತಮಾನ ಹಿಡಿಯಿತು. 1959ರಲ್ಲಿ ಸ್ವಿಟ್ಜರ್ಲೆಂಡ್‌ನ ಮರಗೆಲಸದ ಕಾರ್ಯಾಗಾರವೊಂದರಲ್ಲಿ ಗುಂಪಾಗಿ ಬಂದ ಜ್ವರದ ಮೂಲ ಹ್ಯುಮಿಡಿಫೈಯರ್‌ನ ನೀರು ಎಂದು ವರದಿಯಾಯಿತು. 1970ರಲ್ಲಿ ಬನಾಸ್ಜಾಕ್, ಥೀಡ್ ಮತ್ತು ಫಿಂಕ್ ಎಂಬ ಅಮೆರಿಕದ ಮೂವರು ವೈದ್ಯರು ಒಂದು ಕಚೇರಿಯ ನೌಕರರ ಕಥೆ ಪ್ರಕಟಿಸಿದರು. ಕೆಲಸಕ್ಕೆ ಬಂದಾಗ ಜ್ವರ, ಕೆಮ್ಮು, ಏದುಸಿರು. ಎಸಿಯೊಳಗೆ ಬೆಳೆದ ಸೂಕ್ಷ್ಮಜೀವಿಗಳು ಶ್ವಾಸಕೋಶವನ್ನು ಕೆರಳಿಸಿದ್ದವು. ಬೂಷ್ಟು ಹಿಡಿದ ಹುಲ್ಲು ಕೆದಕುವ ರೈತರಿಗೆ ಬರುತ್ತಿದ್ದ 'ರೈತರ ಶ್ವಾಸಕೋಶ' ರೋಗದ ಜಾತಿಯದೇ ಅದು, ಈ ಸಲ ಟೈ ಕಟ್ಟಿದವರಿಗೆ ಬಂದಿತ್ತು. ಮರುವರ್ಷ ಅದೇ ತಂಡ ಬಿಸಿಗಾಳಿಯ ವ್ಯವಸ್ಥೆಯೊಂದು ಮಲಿನವಾಗಿ ತಂದಿಟ್ಟ ಅಂಥದೇ ಕಾಯಿಲೆಯನ್ನು ದಾಖಲಿಸಿತು. ಇಂದು ಅಮೆರಿಕದಲ್ಲಿ ಮನೆ ಕೊಳ್ಳುವ ಮುನ್ನ ಬರುವ ಪರೀಕ್ಷಕ ಫರ್ನೇಸ್‌ನ ಮುಚ್ಚಳ ತೆಗೆದು ಟಾರ್ಚ್ ಹಾಕುತ್ತಾನಲ್ಲ, ಆ ರೂಢಿಯ ವೈದ್ಯಕೀಯ ಬೇರು ಇಂಥ ಪ್ರಬಂಧಗಳಲ್ಲಿದೆ. ಅವು ಪಡೆದದ್ದಕ್ಕಿಂತ ಹೆಚ್ಚು ಮನ್ನಣೆಗೆ ಅರ್ಹ.

ಜಗತ್ತನ್ನು ಬೆಚ್ಚಿಸಿದ್ದು ಬೇರೊಂದು ಘಟನೆ. ಅದಕ್ಕೆ ಮುನ್ನುಡಿ 1968ರ ಜುಲೈಯಲ್ಲಿ, ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನ ಆರೋಗ್ಯ ಇಲಾಖೆಯ ಕಟ್ಟಡದಲ್ಲೇ ನಡೆದಿತ್ತು. ಅಲ್ಲಿನ 100 ನೌಕರರಲ್ಲಿ 95 ಮಂದಿ ಜ್ವರ, ಮೈಕೈ ನೋವು, ತಲೆನೋವಿನಿಂದ ಮಲಗಿದರು. ಬಂದುಹೋದವರನ್ನೂ ಸೇರಿಸಿದರೆ ಒಟ್ಟು 144. ತನಿಖೆಗೆ ಬಂದ ಕೇಂದ್ರ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಧಿಕಾರಿಗಳೂ ಕಟ್ಟಡ ಹೊಕ್ಕು ಅದೇ ಜ್ವರ ಹಚ್ಚಿಕೊಂಡರು. ಕಾಯಿಲೆ ಬರುತ್ತಿದ್ದುದು ಎಸಿ ಓಡುವಾಗ ಒಳಗಿದ್ದವರಿಗೆ ಎಂಬುದು ಹೀಗೆ ಅವರ ಮೈಮೇಲೆಯೇ ಸಾಬೀತಾಯಿತು. ಹುಡುಕಿದಾಗ, ಶಾಖ ಹೊರಹಾಕುವ ನೀರಿನ ಕಂಡೆನ್ಸರ್‌ನ ತುಂತುರು ಡಕ್ಟ್‌ಗಳ ದೋಷದಿಂದ ಒಳಗಿನ ಗಾಳಿಗೆ ಸೇರುತ್ತಿದ್ದುದು ಕಂಡಿತು. ಕಟ್ಟಡದ ಗಾಳಿಗೆ ಒಡ್ಡಿದ ಗಿನಿ ಇಲಿಗಳ ಶ್ವಾಸಕೋಶದ ಚೂರುಗಳನ್ನು ಜೋಪಾನವಾಗಿ ಎತ್ತಿಟ್ಟರು. ಜೀವಿ ಯಾವುದೆಂದು ತಿಳಿಯಲಿಲ್ಲ. ಯಾರೂ ಸಾಯಲಿಲ್ಲವಾದ್ದರಿಂದ ಸುದ್ದಿಯೂ ತಣ್ಣಗಾಯಿತು.

ಎಂಟು ವರ್ಷದ ನಂತರ, 1976ರ ಜುಲೈ 21ರಿಂದ 24ರವರೆಗೆ, ಫಿಲಡೆಲ್ಫಿಯಾದ ಬೆಲ್ಲೆವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ನಿವೃತ್ತ ಯೋಧರ ಸಂಘವಾದ ಅಮೆರಿಕನ್ ಲೀಜನ್‌ನ ಸಮ್ಮೇಳನ. ಮನೆಗೆ ಮರಳಿದ ಯೋಧರು ಕೆಲವೇ ದಿನಗಳಲ್ಲಿ ನ್ಯುಮೋನಿಯಾದಿಂದ ಸಾಯತೊಡಗಿದರು. ಸಮ್ಮೇಳನಕ್ಕೆ ಸಂಬಂಧವಿಲ್ಲದ ದಾರಿಹೋಕರೂ ಸೇರಿ 221 ಮಂದಿಗೆ ಕಾಯಿಲೆ, 34 ಸಾವು. ಹಂದಿಜ್ವರವೇ, ನಿಕ್ಕಲ್ ವಿಷವೇ, ಯಾರಾದರೂ ಬೇಕೆಂದೇ ಮಾಡಿದ್ದೇ ಎಂದು ದೇಶವೇ ಕೇಳಿತು. ಸಿಡಿಸಿಯ ಜೋಸೆಫ್ ಮೆಕ್‌ಡೇಡ್ ಆ ಡಿಸೆಂಬರ್ ರಜೆಯಲ್ಲಿ ಹಳೆಯ ಸ್ಲೈಡುಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು ಕೂತ. 1977ರ ಜನವರಿಯಲ್ಲಿ ಅವನೂ ಚಾರ್ಲ್ಸ್ ಷೆಪರ್ಡ್‌ನೂ ಬ್ಯಾಕ್ಟೀರಿಯಾ ಸಿಕ್ಕಿತೆಂದು ಸಾರಿದರು. ಲೀಜನೆಲ್ಲಾ ಎಂಬ ಹೆಸರು ಬಂದದ್ದು ಆಮೇಲೆ. ಪಾಂಟಿಯಾಕ್‌ನಿಂದ ಎತ್ತಿಟ್ಟಿದ್ದ ಚೂರುಗಳನ್ನು ತೆಗೆದು ನೋಡಿದರೆ ಅದರಲ್ಲೂ ಅದೇ ಜೀವಿ. ಹೋಟೆಲಿನ ಚಾವಣಿಯ ಕೂಲಿಂಗ್ ಟವರ್ ಮೇಲೆ ಗುಮಾನಿ ಬಲವಾಗಿತ್ತು, ಆದರೆ ಖಚಿತ ಪುರಾವೆ ಸಿಗಲಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಿರಬೇಕು. ಲೀಜನೆಲ್ಲಾ ಬ್ಯಾಕ್ಟೀರಿಯಾ, ಬೂಷ್ಟಲ್ಲ. ಬೆಚ್ಚಗಿನ ನೀರಿನ ಟವರ್‌ಗಳು ಅದಕ್ಕೆ ಬೇಕು. ಮನೆಯ ಎಸಿ ಶಾಖವನ್ನು ಹೊರಗಿನ ಗಾಳಿಗೇ ಬಿಡುವುದರಿಂದ ಅದರಲ್ಲಿ ಆ ಅಪಾಯವಿಲ್ಲ. ಆದರೂ ಯಂತ್ರ ಊದುವ ಗಾಳಿಯಲ್ಲಿ ಏನಿದೆ ಎಂದು ಸಾಮಾನ್ಯ ಜನ ಕೇಳತೊಡಗಿದ್ದು ಫಿಲಡೆಲ್ಫಿಯಾದ ನಂತರ.

ಅದೇ ಹೊತ್ತಿಗೆ ಮನೆಗಳ ಉಸಿರು ಕಟ್ಟುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಕಿಟಕಿ ಬಾಗಿಲುಗಳ ಸಂದು ಮುಚ್ಚಿದರು, ಗೋಡೆಗೆ ಪ್ಲಾಸ್ಟಿಕ್ ಹೊದಿಸಿದರು. ಕಚೇರಿಗಳಲ್ಲಿ ತಲೆಗೊಂದಕ್ಕೆ ಹೊರಗಿನಿಂದ ತರಬೇಕಾದ ತಾಜಾ ಗಾಳಿಯ ಕನಿಷ್ಠ ಪ್ರಮಾಣ ನಿಮಿಷಕ್ಕೆ 5 ಘನ ಅಡಿಗೆ ಇಳಿಯಿತು. ತಪ್ಪು ತಿಳಿದು 1989ರಲ್ಲಿ ಅದನ್ನು 20ಕ್ಕೆ ಏರಿಸಿದರು. ಹಳೆಯ ಮನೆಯ ಗೋಡೆ ನೆನೆದರೂ ಸಂದುಗಳಿಂದ ಆಡುವ ಗಾಳಿಗೆ ಒಣಗುತ್ತಿತ್ತು. ಹೊಸ ಮನೆಯಲ್ಲಿ ಜಿಪ್ಸಮ್ ಹಲಗೆಯ ಕಾಗದದ ಮೈ ಒಮ್ಮೆ ನೆನೆದರೆ ಒಣಗಲು ದಾರಿಯಿಲ್ಲ, ಮತ್ತು ಆ ಕಾಗದ ಬೂಷ್ಟಿಗೆ ಒಳ್ಳೆಯ ಊಟ.

1990ರ ದಶಕದಲ್ಲಿ ಬೂಷ್ಟು ಪತ್ರಿಕೆಗಳ ಮುಖಪುಟಕ್ಕೆ ಏರಿತು. 1993-94ರಲ್ಲಿ ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಹತ್ತು ಹಸುಗೂಸುಗಳ ಶ್ವಾಸಕೋಶದಲ್ಲಿ ರಕ್ತಸ್ರಾವ ಕಂಡಿತು. ಮನೆಗಳಲ್ಲಿ ಹೆಚ್ಚಿನವು ನೀರು ನುಗ್ಗಿ ಹಾಳಾದವು. ಬೆರಳು ತೋರಿದ್ದು ಸ್ಟ್ಯಾಕಿಬೊಟ್ರಿಸ್ ಎಂಬ ಕಪ್ಪು ಬೂಷ್ಟಿನ ಕಡೆಗೆ. 1837ರಲ್ಲಿ ಕೋರ್ಡಾ ಎಂಬ ವಿಜ್ಞಾನಿ ಪ್ರಾಗ್‌ನ ಮನೆಯೊಂದರ ಗೋಡೆಕಾಗದದ ಮೇಲೆ ಕಂಡು ಮೊದಲು ವಿವರಿಸಿದ್ದ ಜೀವಿ ಅದು. 1930ರ ದಶಕದಲ್ಲಿ ಉಕ್ರೇನಿನಲ್ಲಿ ಅದು ಹತ್ತಿದ ಹುಲ್ಲು ತಿಂದು ಕುದುರೆಗಳು ಸತ್ತಿದ್ದವು. ಆದರೆ 2000ದ ಮಾರ್ಚ್‌ನಲ್ಲಿ ಸಿಡಿಸಿ ತನ್ನದೇ ಅಧ್ಯಯನವನ್ನು ಮರುಪರಿಶೀಲಿಸಿ, ಕೂಸುಗಳ ಕಾಯಿಲೆಗೂ ಆ ಬೂಷ್ಟಿಗೂ ಸಂಬಂಧ ಸಾಬೀತಾಗಿಲ್ಲವೆಂದು ಬರೆದುಕೊಂಡಿತು. ಸರ್ಕಾರಿ ಸಂಸ್ಥೆಯೊಂದು ಹೀಗೆ ಹಿಂದೆ ಸರಿದು ನಿಲ್ಲುವುದು ಅಪರೂಪ, ಮೆಚ್ಚತಕ್ಕದ್ದು. ಅಷ್ಟರಲ್ಲಿ ಹೆದರಿಕೆ ಹಬ್ಬಿಯಾಗಿತ್ತು. 2001ರಲ್ಲಿ ಟೆಕ್ಸಸ್‌ನ ಒಂದು ಬೂಷ್ಟು ಹಿಡಿದ ಮನೆಯ ವಿಮೆಯ ಮೊಕದ್ದಮೆಯಲ್ಲಿ ಜ್ಯೂರಿ 3.2 ಕೋಟಿ ಡಾಲರ್ ಕೊಡಿಸಿತು. ಮೇಲ್ಮನವಿಯಲ್ಲಿ ಅದು ಸುಮಾರು 40 ಲಕ್ಷಕ್ಕೆ ಇಳಿದದ್ದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ. ವಿಮಾ ಕಂಪನಿಗಳು ಪಾಲಿಸಿಗಳಿಂದ ಬೂಷ್ಟನ್ನು ಹೊರಗಿಟ್ಟವು.

ಭಯ ಇದ್ದಲ್ಲಿ ವ್ಯಾಪಾರಿ ಬರುತ್ತಾನೆ. ಮನೆಯ ಡಕ್ಟ್ ಸ್ವಚ್ಛ ಮಾಡಿಸಿದರೆ ಅಲರ್ಜಿ, ಆಸ್ತಮಾ ಎಲ್ಲ ಮಾಯ ಎಂದು ಮನೆಮನೆಗೆ ಫೋನು ಹೋಗತೊಡಗಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 1997ರಲ್ಲಿ ಹೊರತಂದ ಸಣ್ಣ ಪುಸ್ತಿಕೆ ಇದಕ್ಕೆ ತಕ್ಕ ಉತ್ತರ ಕೊಟ್ಟಿತು. ಡಕ್ಟ್ ತೊಳೆಯುವುದರಿಂದ ಆರೋಗ್ಯ ಸಮಸ್ಯೆ ತಪ್ಪುತ್ತದೆಂದು ಸಾಬೀತಾಗಿಲ್ಲ. ಕಣ್ಣಿಗೆ ಕಾಣುವ ಬೂಷ್ಟು, ಇಲಿ ಹುಳುಗಳ ಕಾಟ, ಗಾಳಿ ಕಟ್ಟುವಷ್ಟು ಕಸ ಇದ್ದರೆ ಮಾಡಿಸಿ. ನೀರು ಬರುವ ಮೂಲ ಸರಿಪಡಿಸದಿದ್ದರೆ ಬೂಷ್ಟು ಮರಳಿ ಬರುತ್ತದೆ. ಕಾನೂನು ಇನ್ನೊಂದು ಕಡೆಯಿಂದ ಹಿಡಿಯಿತು. ಟೆಕ್ಸಸ್ 2003ರಲ್ಲಿ ಬೂಷ್ಟು ಪರೀಕ್ಷಕರಿಗೆ ಪರವಾನಗಿ ಕಡ್ಡಾಯ ಮಾಡಿತು, ನ್ಯೂಯಾರ್ಕ್ ರಾಜ್ಯದಲ್ಲಿ ಅಂಥ ಕಾನೂನು 2016ರ ಆರಂಭದಿಂದ ಜಾರಿಗೆ ಬಂತು. ಎರಡರಲ್ಲೂ ಮುಖ್ಯವಾದದ್ದು ಒಂದು ನಿಯಮ: ಒಂದು ಮನೆಯಲ್ಲಿ ಬೂಷ್ಟಿದೆ ಎಂದು ಹೇಳಿದವನೇ ಅದನ್ನು ತೆಗೆಯುವ ಗುತ್ತಿಗೆ ಹಿಡಿಯುವಂತಿಲ್ಲ.

ಹ್ಯೂಸ್ಟನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಕೊಳ್ಳಹೊರಟ ಕನ್ನಡಿಗರಿಗೆ ಈ ಪರೀಕ್ಷಕನ ಪರಿಚಯ ಆಗಿಯೇ ಆಗುತ್ತದೆ. ಪಳಗಿದವನಾದರೆ ಅವನು ಮೊದಲು ಬಳಸುವುದು ಮೂಗನ್ನು. ಯಂತ್ರ ಚಾಲೂ ಆದ ಮೊದಲ ನಿಮಿಷದಲ್ಲಿ ಗಾಳಿಕಿಂಡಿಯಿಂದ ಮುಗ್ಗಲು ವಾಸನೆ ಬರುತ್ತದೆಯೇ? ಹೀಟ್ ಪಂಪ್ ಇರುವ ಮನೆಗಳಲ್ಲಿ ತಂಪಿನಿಂದ ಬಿಸಿಗೆ ಹೊರಳುವಾಗ ಬರುವ ನಾತಕ್ಕೆ ಆ ಕಸುಬಿನವರು 'ಕೊಳಕು ಕಾಲುಚೀಲ' ಎಂದೇ ಹೆಸರಿಟ್ಟಿದ್ದಾರೆ. ಆಮೇಲೆ ಪೆಟ್ಟಿಗೆ ತೆರೆದು ತಟ್ಟೆಯಲ್ಲಿ ನಿಂತ ನೀರು, ತುಕ್ಕಿನ ಗೆರೆ, ಲೋಳೆ ನೋಡುತ್ತಾನೆ. ತಟ್ಟೆ ತುಂಬಿದರೆ ಯಂತ್ರ ನಿಲ್ಲಿಸುವ ತೇಲುವ ಸ್ವಿಚ್ಚನ್ನು ಬೆರಳಿನಿಂದ ಎತ್ತಿ ಪರೀಕ್ಷಿಸುತ್ತಾನೆ. ಅಟ್ಟದ ಡಕ್ಟ್‌ನ ಹೊದಿಕೆ ಹರಿದು ಬೆವರಿದ ಕಲೆ ಇದೆಯೇ, ನೆಲದಡಿಯ ಹಸಿ ಗಾಳಿಯನ್ನು ಸಂದುಗಳಿಂದ ಎಳೆದುಕೊಳ್ಳುತ್ತಿದೆಯೇ ಎಂದು ತಡಕುತ್ತಾನೆ. ಇನ್‌ಫ್ರಾರೆಡ್ ಕ್ಯಾಮೆರಾ ಗೋಡೆಯ ತಣ್ಣನೆ ಜಾಗವನ್ನಷ್ಟೇ ತೋರಿಸುತ್ತದೆ. ಅದು ತೇವವೇ ಹೌದೆಂದು ಹೇಳಲು ಎರಡು ಸೂಜಿಯ ಮಾಪಕವನ್ನು ಚುಚ್ಚಲೇಬೇಕು. ಗಾಳಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದಿದ್ದರೆ ಮನೆಯ ಹೊರಗಿನದೂ ಒಂದು ಜೊತೆಗೆ ಹೋಗಬೇಕು. ಬೂಷ್ಟಿನ ಬೀಜಕಣ ಇಲ್ಲದ ಗಾಳಿಯೇ ಇಲ್ಲ, ಇಷ್ಟಿದ್ದರೆ ಅಪಾಯ ಎಂಬ ಮಿತಿಯನ್ನು ಅಮೆರಿಕದ ಕೇಂದ್ರ ಸರ್ಕಾರ ಗೊತ್ತುಪಡಿಸಿಲ್ಲ. ಹೋಲಿಸಿ ನೋಡದ ಅಂಕಿ ಕೇವಲ ಹೆದರಿಸಲು ಬರುತ್ತದೆ.

ನೀರಿಗೂ ಬೂಷ್ಟಿಗೂ ನಡುವೆ ಸಿಗುವ ಸಮಯ ಬಲು ಕಡಿಮೆ. ನೆನೆದದ್ದು 24ರಿಂದ 48 ಗಂಟೆಯೊಳಗೆ ಒಣಗಬೇಕು ಎಂಬುದು ಇಪಿಎ ಸೂತ್ರ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ಮುಳುಗಿಸಿದಾಗ ಜನ ಮನೆಗೆ ಮರಳಲು ವಾರಗಳೇ ಹಿಡಿದವು. ಆ ಅಕ್ಟೋಬರ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ನೋಡಿದ 112 ಮನೆಗಳ ಪೈಕಿ ಶೇ. 46ರಲ್ಲಿ ಬೂಷ್ಟು ಕಣ್ಣಿಗೇ ಕಾಣುತ್ತಿತ್ತು. ಎಸಿಗೆ ಅಲ್ಲಿ ತಪ್ಪಿಲ್ಲ, ಆದರೆ ನೆರೆನೀರು ಕುಡಿದ ಡಕ್ಟ್‌ಗಳನ್ನು ಹಾಗೇ ಚಾಲೂ ಮಾಡಿದರೆ ಕೋಣೆಯಿಂದ ಕೋಣೆಗೆ ಬೂಷ್ಟು ಬಿತ್ತಿದಂತೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಕರ್ನಾಟಕದಲ್ಲಿ ಡಕ್ಟ್ ಇರುವ ಮನೆ ಕಡಿಮೆ, ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎಸಿಯೇ ಹೆಚ್ಚು. ಸುರುಳಿ, ತಟ್ಟೆ, ಕೊಳವೆ ಮಾತ್ರ ಅವೇ. ಜುಲೈ ತಿಂಗಳಲ್ಲಿ ಚಪ್ಪಲಿ, ಪುಸ್ತಕ, ರೇಷ್ಮೆ ಸೀರೆಗೆ ಬೂಷ್ಟು ಹತ್ತುವುದನ್ನು ಕಂಡ ಮಂಗಳೂರು, ಉಡುಪಿ, ಕಾರವಾರದವರಿಗೆ ತೇವದ ಪಾಠ ಯಾರೂ ಹೇಳಬೇಕಿಲ್ಲ. ಅಲ್ಲಿ ಆಗುವ ತಪ್ಪು ಬೇರೆ. ಬೇಗ ತಣ್ಣಗಾಗಲೆಂದು ಸಣ್ಣ ಕೋಣೆಗೆ ದೊಡ್ಡ ಟನ್ನಿನ ಯಂತ್ರ ಹಾಕಿಸುತ್ತಾರೆ. ಅದು ಕೆಲವೇ ನಿಮಿಷದಲ್ಲಿ ಕೋಣೆ ತಂಪು ಮಾಡಿ ನಿಲ್ಲುತ್ತದೆ. ರೆಕ್ಕೆಗಳ ಮೇಲೆ ಕಟ್ಟಿದ ನೀರಿಗೆ ತಟ್ಟೆಗೆ ಇಳಿಯಲು ಹೊತ್ತೇ ಸಿಗುವುದಿಲ್ಲ. ಫ್ಯಾನ್ ಬಿಡದೆ ತಿರುಗುತ್ತಿದ್ದರೆ ಅದೇ ನೀರು ಆವಿಯಾಗಿ ಕೋಣೆಗೆ ವಾಪಸು. ತಣ್ಣಗಿದ್ದೂ ಮೈ ಜಿಗುಟಾಗುವ ಕೋಣೆಗಳ ಗುಟ್ಟು ಬಹುಮಟ್ಟಿಗೆ ಇದು. ಇಪಿಎ ಒಳ್ಳೆಯದೆನ್ನುವ ಆರ್ದ್ರತೆ ಶೇ. 30ರಿಂದ 50, ಮೇಲ್ಮಿತಿ 60. ಹೊರಗೆ 85 ದಾಟುವ ಮಳೆಗಾಲದಲ್ಲಿ ಕರಾವಳಿಯ ಮನೆಗೆ ಅಷ್ಟು ಸಾಧಿಸುವುದು ಸುಲಭವಲ್ಲ. ಆದರೆ ಸರಿಯಾದ ಅಳತೆಯ ಯಂತ್ರ ಹೆಚ್ಚು ಹೊತ್ತು ಓಡಿ ಅದರ ಹತ್ತಿರಕ್ಕಾದರೂ ತರುತ್ತದೆ.

ಅಮೆರಿಕದಲ್ಲಿ ಪರವಾನಗಿ ಪಡೆದವರು ಮಾಡುವ ಪರೀಕ್ಷೆ ಇಲ್ಲಿ ಎಸಿ ಸರ್ವಿಸ್ ಹುಡುಗನ ಪಾಲಿಗೆ ಬಿದ್ದಿದೆ. ಬಂದವನು ಗ್ಯಾಸ್ ನೋಡುತ್ತಾನೆ, ಫಿಲ್ಟರ್ ತೊಳೆಯುತ್ತಾನೆ, ಜೆಟ್ ಸರ್ವಿಸ್ ಕೇಳಿದರೆ ಪಂಪಿನಿಂದ ನೀರು ಹೊಡೆಯುತ್ತಾನೆ. ಸುರುಳಿಯ ಹಿಂಬದಿ, ಗಾಳಿ ತಳ್ಳುವ ಉರುಳೆಯ ಸಣ್ಣ ಅಲಗುಗಳು, ತಟ್ಟೆಯ ಮೂಲೆ, ಇವು ಸಾಮಾನ್ಯವಾಗಿ ಉಳಿದುಹೋಗುವ ಜಾಗಗಳು, ಕಪ್ಪು ಚುಕ್ಕೆ ಮೊದಲು ಕಾಣುವುದೂ ಅಲ್ಲೇ. ಮನೆಯವರು ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತು ಆ ಮೂರನ್ನೂ ತೋರಿಸಲು ಹೇಳಬಹುದು. ಮುಚ್ಚಳ ಹಾಕುವ ಮೊದಲು ತಟ್ಟೆಗೆ ಒಂದು ಲೋಟ ನೀರು ಸುರಿಸಿ, ಹೊರಗಿನ ಕೊಳವೆಯ ಬಾಯಲ್ಲಿ ಅದು ಬರುವುದನ್ನು ಇನ್ನೊಬ್ಬರು ನೋಡಬೇಕು. ಕೂಡಲೇ ಧಾರೆಯಾಗಿ ಬಂದರೆ ಇಳಿಜಾರು ಸರಿಯಿದೆ. ತಡವರಿಸಿದರೆ ಕೊಳವೆಯಲ್ಲಿ ಲೋಳೆ ಕಟ್ಟಿದೆ, ಅಥವಾ ಒಳಗಿನ ಯಂತ್ರವನ್ನು ಗೋಡೆಗೆ ಓರೆಯಾಗಿ ಕೂರಿಸಿದ್ದಾರೆ.